ಬೀಗರ ಮುಂದೆ ಕಾಟಲಿಂಗಪ್ಪನ ತಲೆ

ಭಾನುವಾರ ಹೊಳಲ್ಕೆರೆಯಿಂದ ಗಂಡಿನವರು ಮಗಳು ಚಿತ್ರಾಳನ್ನು ನೋಡಲು ಬರುತ್ತಾರೆಂದು ಗೊತ್ತಾದ ದಿನವೇ ಆದಿವಾಲದ ಕಾಟಲಿಂಗಪ್ಪ ಘನಘೋರ ಪ್ರತಿಜ್ಞೆ ಮಾಡಿದ: ತನ್ನ ತಲೆಯ ಒಂದೇ ಒಂದು ಬಿಳಿ ಕೂದಲೂ ಅವರ ಕಣ್ಣಿಗೆ ಬೀಳಕೂಡದು. ಹೋದ ಸಲ ಬಂದವರು ಅವನನ್ನು ಹುಡುಗಿಯ ತಾತನೆಂದು ತಿಳಿದು ಕೈಮುಗಿದಿದ್ದರು. ಆ ಅವಮಾನ ಅವನಿಗಿನ್ನೂ ಅರಗಿರಲಿಲ್ಲ.

ಪೇಟೆಯಿಂದ ತಂದ ಡೈ ಪೊಟ್ಟಣದ ಮೇಲಿದ್ದುದನ್ನು ಚಿತ್ರಾ ಓದಿ ಹೇಳಿದಳು. "ಅಪ್ಪ, ಇದು ಕೂದ್ಲ ಪದರ ಬಿಚ್ಚಿ ಒಳಗೆ ಹೋಗಿ ಕೂರೋ ಬಣ್ಣ. ಜಾಸ್ತಿ ಹೊತ್ತು ಬಿಟ್ರೆ ಕೂದ್ಲು ಸುಟ್ಟೋಗ್ತವೆ. ಅರ್ಧ ಗಂಟೆಗೆ ತೊಳ್ಕಾ."

"ಮೂವತ್ತು ವರ್ಷದಿಂದ ಕುರಿಗೆ ಗುರುತಿನ ಬಣ್ಣ ಹಾಕ್ತಿದೀನಿ. ನಂಗೆ ಬಣ್ಣದ ಪಾಠ ಹೇಳಬ್ಯಾಡ," ಎಂದ ಕಾಟಲಿಂಗಪ್ಪ.

ಕುರಿ ಬಣ್ಣದಲ್ಲಿ ಅವನದೊಂದು ಮಹಾಸಿದ್ಧಾಂತವಿತ್ತು: ದಪ್ಪಗೆ ಬಳಿ, ಬಿಸಿಲಿಗೆ ಬಿಡು, ಮಂಕಾದರೆ ಮತ್ತೆ ಬಳಿ. ಶುಕ್ರವಾರ ಹಚ್ಚಿಕೊಂಡು ಮೂರು ತಾಸು ಬಿಸಿಲಲ್ಲಿ ಕುಳಿತ. ಕೆಂಪು ಹೊಡೆಯುತ್ತಿದೆ ಅನ್ನಿಸಿ ಶನಿವಾರ ಬೆಳಿಗ್ಗೆ ಇನ್ನೊಂದು ಸಲ, ಸಂಜೆ ಮತ್ತೊಂದು ಸಲ ಬಳಿದುಕೊಂಡ. ನೆತ್ತಿ ಉರಿಯತೊಡಗಿತು. ಬಣ್ಣ ಚೆನ್ನಾಗಿ ಹಿಡಿಯುತ್ತಿದೆ ಎಂದು ಖುಷಿಪಟ್ಟ.

ಭಾನುವಾರ ಬಾಚಣಿಗೆ ಇಟ್ಟದ್ದೇ ತಡ, ಕೂದಲು ಒಣಹುಲ್ಲಿನಂತೆ ಮುರಿದು ಕೈಗೆ ಬಂತು. ಒಂದು ಕಡೆ ಕುರುಚಲು, ಇನ್ನೊಂದು ಕಡೆ ಬರೀ ಚರ್ಮ. ಹಣೆ ಮಾತ್ರ ಅಪ್ಪಟ ಕಪ್ಪು.

"ಅರ್ಧ ಉಣ್ಣೆ ಕತ್ರಿಸಿ ಬಿಟ್ಟ ಟಗರಂಗೆ ಕಾಣ್ತೀರ," ಎಂದಳು ಹೆಂಡತಿ ನಾಗಕ್ಕ. "ಟವಲ್ ಸುತ್ಕಳ್ರಿ. ಬಿಚ್ಚಬ್ಯಾಡ್ರಿ."

ಗಂಡಿನವರು ಬಂದರು. ಯಜಮಾನನೇ ಕಾಲಿಗೆ ನೀರು ಕೊಡಬೇಕಲ್ಲ, ಕಾಟಲಿಂಗಪ್ಪ ಚೊಂಬು ಹಿಡಿದು ಬಾಗಿದ. ಟವಲ್ಲು ಜಾರಿ ಹುಡುಗನ ತಾಯಿ ಅನುಸೂಯಮ್ಮನ ಪಾದದ ಮೇಲೆ ಬಿತ್ತು.

ಆಕೆ ಅವನ ತಲೆ ನೋಡಿದರು. ಬಾಗಿಲಲ್ಲಿ ನಿಂತ ಚಿತ್ರಾಳ ಉದ್ದನೆಯ ಜಡೆ ನೋಡಿದರು. "ಈ ಕಾಯಿಲೆ ನಿಮ್ಮ ವಂಶದಾಗೆ ಐತೇನ್ರಿ?"

ಮಗಳ ಮುಖ ಬಿಳಿಚಿಕೊಂಡಿತು. ಕಾಟಲಿಂಗಪ್ಪನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಹೌದೆಂದು ತಲೆಯಾಡಿಸಿದರೆ ತನ್ನ ಮಾನ ಉಳಿದೀತು, ಮಗಳ ಸಂಬಂಧ ಮುರಿದೀತು.

"ಕಾಯಿಲೆ ಅಲ್ಲಕ್ಕ," ಎಂದ ನೆಲ ನೋಡುತ್ತ. "ವಯಸ್ಸು ಮುಚ್ಚಾಣ ಅಂತ ಡೈ ಹಚ್ಕಂಡೆ. ಅರ್ಧ ಗಂಟೆ ಸಾಕು ಅಂತ ಮಗಳು ಬಡ್ಕಂಡ್ಲು. ನಾನು ಕೇಳ್ಲಿಲ್ಲ."

ಅನುಸೂಯಮ್ಮ ಟವಲ್ಲೆತ್ತಿ ಅವನ ಕೈಗೆ ಕೊಟ್ಟು, ನಗು ತಡೆಯುತ್ತ ಒಳಗೆ ಕಾಲಿಟ್ಟರು. "ಕೂದ್ಲು ಬಿಡ್ರಿ, ಬರ್ತಾವೆ. ಈ ಬುದ್ಧಿ ಹುಡುಗಿಗೂ ಬಂದೈತೇನ್ರಿ?"

"ಇಲ್ಲ ಕಣಕ್ಕ," ಎಂದಳು ನಾಗಕ್ಕ ಚಾಪೆ ಹಾಸುತ್ತ. "ಬುದ್ಧಿ ಎಲ್ಲಾ ನಂದು. ಅವ್ರ ಅಪ್ಪಂದು ಅಂತ ಬಂದಿರೋದು ಕೂದ್ಲು ಒಂದೇ."