ಎಂಟು ಕಿಲೋ ಇಳಿಕೆಯ ಸುತ್ತೋಲೆ

ಗಡಿನಾಡು ಮೇವು ಅಭಿವೃದ್ಧಿ ಮಂಡಳಿಯ ಸಮಸ್ತ ನೌಕರರು ಅರವತ್ತು ದಿನಗಳೊಳಗಾಗಿ ತಲಾ ಎಂಟು ಕಿಲೋ ತೂಕ ಇಳಿಸತಕ್ಕದ್ದು, ತಪ್ಪಿದಲ್ಲಿ ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿಯಲಾಗುವುದು ಎಂಬ ಸುತ್ತೋಲೆ ಬೀದರಿನ ನೌಬಾದದ ಪ್ರಧಾನ ಕಚೇರಿಯಿಂದ ಹೊರಟಿತು. ವಾರ್ಷಿಕೋತ್ಸವದ ಫೋಟೊದಲ್ಲಿ ಹನ್ನೊಂದು ಜನರ ಪೈಕಿ ಎಂಟೇ ಜನ ಹಿಡಿಸಿದ್ದು ಇದಕ್ಕೆ ಕಾರಣವೆಂದು ಸುತ್ತೋಲೆಯಲ್ಲೇ ನಮೂದಾಗಿತ್ತು.

ಭಾತಂಬ್ರಾದಿಂದ ದಿನಾ ಬಸ್ಸು ಹಿಡಿದು ಬರುವ ಗುಮಾಸ್ತ ಹಾವಗೆಪ್ಪ ಅದನ್ನು ಎರಡು ಸಲ ಓದಿದ. ಗೂಟಕ್ಕೆ ತೂಗುಹಾಕಿದಂತೆ ಅಂಗಿ ತೊಡುವ ಮನುಷ್ಯ ಅವನು. ಸೀದಾ ಸಾಹೇಬರ ಕೋಣೆಗೆ ಹೋದ.

"ಸಾಹೇಬ್ರ, ನಾ ಇರೋದೇ ನಲವತ್ತೊಂಬತ್ತು ಕಿಲೋ. ಅದರಾಗ ಎಂಟು ಹೋದ್ರ ಏನ್ ಉಳೀತದರಿ?"

ಮುಖ್ಯಾಧಿಕಾರಿ ಸತೀಶಕುಮಾರ ತಮ್ಮ ತೊಂಬತ್ತಾರು ಕಿಲೋವನ್ನು ಕುರ್ಚಿಯಲ್ಲಿ ಸರಿಪಡಿಸಿಕೊಂಡರು. "ಇದರಾಗ ಸಣ್ಣವ್ರಿಗಿ ವಿನಾಯ್ತಿ ಇಲ್ಲರಿ. ನೀವು ಮೊದಲ ಎಂಟು ಏರಸ್ರಿ, ಆಮ್ಯಾಲ ಇಳಸ್ರಿ."

ಅದರಂತೆ ತಾತ್ಕಾಲಿಕ ತೂಕ ಏರಿಕೆಗೆ ಲಿಖಿತ ಅನುಮತಿ ಸಿಕ್ಕಿತು. ಹೆಂಡತಿ ಬಸವೇಶ್ವರಿ ದಿನಾ ಗೋಧಿ ಹುಗ್ಗಿ ಮಾಡಿ, ಮೇಲೆ ತುಪ್ಪ ಸುರಿದು ಬಡಿಸಿದಳು. ಮೂರು ವಾರಕ್ಕೆ, ಗೋದಾಮಿನಲ್ಲಿ ಮೇವಿನ ಹೊರೆ ತೂಗುವ ತಕ್ಕಡಿಯ ಮೇಲೆ ನಿಂತಾಗ ಮುಳ್ಳು ಐವತ್ತೇಳು ತೋರಿಸಿತು. ಇಳಿಸಲು ಅವನು ಅರ್ಹನಾದ.

ಜನ ಮಾಡುವ ಡಯಟ್‌ಗಳಲ್ಲಿ ಯಾವುದು ಉತ್ತಮ ಎಂದು ತುಲನೆ ಮಾಡಲು ಒಂದು ಸಮಿತಿ ಆಯಿತು. ಔರಾದ ಶಾಖೆಗೆ ಕೀಟೊ, ಭಾಲ್ಕಿ ಶಾಖೆಗೆ ಹದಿನಾರು ತಾಸಿನ ಉಪವಾಸ, ನೌಬಾದಕ್ಕೆ ತೂಕ ಇಳಿಸುವ ಮಾತ್ರೆ ಹಂಚಿಕೆಯಾದವು. ಲಾಭ ಒಂದು ಕಾಲಮ್ಮು, ಅಪಾಯ ಒಂದು ಕಾಲಮ್ಮು ಮಾಡಿ ವರದಿ ಬರೆಯುವ ಕೆಲಸ ಹಾವಗೆಪ್ಪನ ಪಾಲಿಗೆ ಬಂತು.

ಔರಾದದ ಕಾವಲುಗಾರ ಮಡೆಪ್ಪನ ಮನೆಯಲ್ಲೇ ಕುರಿಗಳಿದ್ದವು. "ರೊಟ್ಟಿ ಬಿಡ್ರಿ, ಮಟನ್ ತಿನ್ರಿ ಅಂತ ಆಫೀಸಿನ ಕಾಗದ ಬಂದದ್ದು ಇದೇ ಮೊದಲ್ರಿ," ಎಂದ. ಹತ್ತು ದಿನಕ್ಕೆ ನಾಲ್ಕು ಕಿಲೋ ಇಳಿದಿದ್ದ. "ಆದ್ರ ಹೊಟ್ಟಿ ಸಾಫ್ ಆಗವಲ್ದರಿ. ತಲಿ ಗಿಂವ್ ಅಂತದ. ಮೊನ್ನಿ ಲಗ್ನದಾಗ ಎರಡು ರೊಟ್ಟಿ ತಿಂದೆ, ಇಳದದ್ದರಾಗ ಅರ್ಧ ಹೊಳ್ಳಿ ಬಂತು."

ಭಾಲ್ಕಿಯ ಹಿರಿಯ ಗುಮಾಸ್ತೆ ಮಹಮೂದಾ ಬೇಗಂ ನಕ್ಕರು. "ನಮಗ ಉಪವಾಸ ಹೊಸಾದೇನಲ್ಲ. ಮೂರು ಕಿಲೋ ಇಳದೀನಿ, ಮೈ ಹಗುರ ಅದ. ಆದ್ರ ಸಕ್ಕರಿ ಕಾಯಿಲಿ ಗುಳಗಿ ನುಂಗ್ತೇನಲ್ಲ, ಒಂದಿನ ಬೆವತು ಕೈಕಾಲು ನಡುಗಿದ್ವು. ಡಾಕ್ಟರಿಗಿ ಕೇಳಿ ಮಾಡಬೇಕಿತ್ತು." ಊಟದ ಎಂಟು ತಾಸು ಕಚೇರಿಯ ಸಮಯಕ್ಕೇ ಸರಿಹೊಂದಿದ್ದರಿಂದ ಆ ಶಾಖೆಯ ಕಿಟಕಿಗೆ "ಊಟದ ಅವಧಿ: ಹತ್ತರಿಂದ ಆರು" ಎಂಬ ಫಲಕ ತೂಗುಬಿದ್ದಿತ್ತು. ಜನ ಓದಿ, ಸಮಾಧಾನದಿಂದ ಮರಳುತ್ತಿದ್ದರು.

ನೌಬಾದದಲ್ಲಿ ಟೈಪಿಸ್ಟ್ ಸಿದ್ದೇಶ್ವರಿ ಮಾತ್ರೆ ನುಂಗತೊಡಗಿದ್ದಳು. ಬಾಟಲಿಯ ಮೇಲೆ ಒಂದು ಸಪೂರ ಸೊಂಟದ ಚಿತ್ರ, "ಶುದ್ಧ ಗಿಡಮೂಲಿಕೆ" ಎಂಬ ಅಕ್ಷರ, ಅಷ್ಟೇ. ಮೂರು ದಿನದ ಟೈಪಿಂಗನ್ನು ಆಕೆ ಒಂದೇ ದಿನದಲ್ಲಿ ಮುಗಿಸಿದಳು. ಒಂದೇ ಪತ್ರವನ್ನು ನಾಲ್ಕು ಸಲ ಹೊಡೆದಿದ್ದಳು ಎಂಬುದು ಬೇರೆ ಮಾತು.

"ಕಾಕಾ, ಎದಿ ಢವಢವ ಅಂತದ. ನಿದ್ದಿ ಬಂದು ನಾಕು ದಿನ ಆಯ್ತು."

"ಬಿಡು ಯವ್ವಾ, ನುಂಗಬ್ಯಾಡ."

"ಇನ್ಕ್ರಿಮೆಂಟ್ ಹೋಗ್ತದಲ್ರಿ."

ಹಾವಗೆಪ್ಪ ಎಲ್ಲವನ್ನೂ ಅಪಾಯದ ಕಾಲಮ್ಮಿನಲ್ಲಿ ಬರೆದ. ಸಾಹೇಬರು ಕೆಂಪು ಪೆನ್ನು ತೆಗೆದು ತಿದ್ದಿದರು. ಎದೆಬಡಿತವು "ಕುಳಿತಲ್ಲೇ ವ್ಯಾಯಾಮ" ಆಯಿತು. ನಿದ್ರಾಹೀನತೆ "ಕರ್ತವ್ಯ ಜಾಗೃತಿ" ಆಯಿತು. ಇವೂ, ಉಳಿದ ಶಾಖೆಗಳ ತೊಂದರೆಗಳೂ ಲಾಭದ ಕಡೆಗೆ ವರ್ಗವಾದವು. ಖಾಲಿ ಉಳಿದ ಅಪಾಯದ ಕಾಲಮ್ಮಿಗೆ "ಇಲ್ಲ" ಎಂದು ಬರೆಯಲಾಯಿತು.

ಮರುದಿನ ಸಿದ್ದೇಶ್ವರಿ ತಕ್ಕಡಿಯ ಮೇಲೆಯೇ ಕುಸಿದು ಬಿದ್ದಳು. ಆಕೆಯನ್ನು ಎತ್ತುವ ಮುನ್ನ ಸಾಹೇಬರು ಮುಳ್ಳು ನೋಡಿ ತೂಕ ಬರೆದುಕೊಂಡರು.

ಆಸ್ಪತ್ರೆಯ ಡಾಕ್ಟರು ಬಾಟಲಿ ತಿರುಗಿಸಿ ನೋಡಿದರು. "ಇದರಾಗ ಏನ್ ಕಲಸ್ಯಾರ ಅಂತ ಬರದೇ ಇಲ್ಲ. ಇನ್ನೊಂದು ವಾರ ನುಂಗಿದ್ರ ಈಕಿ ನಮ್ಮ ಕೈಗಿ ಸಿಗ್ತಿದ್ದಿಲ್ಲ."

ಹಾವಗೆಪ್ಪ ಕೇಳಿದ, "ಹಾಂಗಾದ್ರ ಇಳಿಸೋದು ಹ್ಯಾಂಗ್ರೀ?"

"ಹಸದಷ್ಟು ಜೋಳದ ರೊಟ್ಟಿ, ಬ್ಯಾಳಿ, ಕಾಯಿಪಲ್ಯ. ದಿನಾ ನಡೀರಿ. ತಿಂಗಳಿಗಿ ಒಂದೆರಡು ಕಿಲೋ ಇಳದ್ರ ಭಾಳ ಆಯ್ತು. ನಿಮಗಂತೂ ಇಳಿಸೋದೇ ಬ್ಯಾಡ."

ಈ ಸಲಹೆಯನ್ನು ಸಮಿತಿ ಪರಿಶೀಲಿಸಿ ತಿರಸ್ಕರಿಸಿತು. ಅದಕ್ಕೆ ಹೆಸರಿಲ್ಲ, ಬಾಟಲಿ ಇಲ್ಲ, ಅರವತ್ತು ದಿನದಲ್ಲಿ ಮುಗಿಯುವುದೂ ಇಲ್ಲ. ಸಿದ್ದೇಶ್ವರಿಯ ಬಾಟಲಿಯಲ್ಲಿ ಉಳಿದ ಮಾತ್ರೆಗಳು ವ್ಯರ್ಥವಾಗಕೂಡದೆಂದು, ಅವನ್ನು ಹಾವಗೆಪ್ಪನಿಗೆ ಮಂಜೂರು ಮಾಡಲಾಯಿತು.

ಮೂವತ್ತು ವರ್ಷದ ನೌಕರಿಯಲ್ಲಿ ಹಾವಗೆಪ್ಪ ಮೇಲಿನವರ ಅಪ್ಪಣೆ ಇಲ್ಲದೆ ಒಂದು ಅಲ್ಪವಿರಾಮ ಸಹ ಕದಲಿಸಿದವನಲ್ಲ. ಆವತ್ತು ಮಧ್ಯಾಹ್ನ ಬಾಟಲಿಯನ್ನು ಮೋರಿಗೆ ಸುರಿದ. ಸ್ಕ್ರೂಡ್ರೈವರ್ ಹಿಡಿದು ಗೋದಾಮಿಗೆ ಹೋದ. ಮುಳ್ಳು ಸೊನ್ನೆಗಿಂತ ಎಂಟು ಕಿಲೋ ಕೆಳಗೆ ಬರುವತನಕ ತಕ್ಕಡಿಯ ಅಡಿಯ ತಿರುಪು ತಿರುಗಿಸಿದ. ಎದೆ ಢವಢವ ಎಂದಿತು, ಮಾತ್ರೆ ಇಲ್ಲದೆಯೇ.

ಅರವತ್ತನೇ ದಿನ ಮೂರೂ ಕಚೇರಿಯವರು ಒಬ್ಬೊಬ್ಬರಾಗಿ ತೂಗಿಕೊಂಡರು. ಎಲ್ಲರೂ ಎಂಟಕ್ಕೆ ಕಡಿಮೆಯಿಲ್ಲದಂತೆ ಇಳಿದಿದ್ದರು. ಕೊನೆಗೆ ಸಾಹೇಬರು ಹತ್ತಿದರು. ಎಂಬತ್ತೆಂಟು.

"ಪ್ಯಾಂಟ್ ಹಾಂಗೇ ಬಿಗಿ ಅದ ಅಲ್ರೀ, ಹಾವಗೆಪ್ಪನವರ?"

"ಪ್ಯಾಂಟು ಸುತ್ತೋಲಿದಾಗ ಬರಂಗಿಲ್ಲರಿ."

ಸಾಹೇಬರು ಒಪ್ಪಿದರು. ವರದಿ ಅಂಗೀಕಾರವಾಯಿತು. ಮಾತ್ರೆ ನಿಂತಿತು. ಮಡೆಪ್ಪ ರೊಟ್ಟಿಗೆ ಮರಳಿದ. ಚೇತರಿಸಿಕೊಂಡ ಸಿದ್ದೇಶ್ವರಿ ಒಂದು ಪತ್ರವನ್ನು ಒಂದೇ ಸಲ ಟೈಪು ಮಾಡತೊಡಗಿದಳು.

ಮೆಹಕರದ ರೈತನೊಬ್ಬ ಮಾರಲು ತಂದ ಮೇವಿನ ಹೊರೆಯೂ ಎಂಟು ಕಿಲೋ ಇಳಿಯಿತು. ಹಾವಗೆಪ್ಪನಿಗೆ ಸಂಕಟವಾಗಿ, ತಿರುಪನ್ನು ಮೊದಲಿನಂತೆ ತಿರುಗಿಸಲು ಅನುಮತಿ ಕೋರಿ ಅರ್ಜಿ ಬರೆದ. ಸಿಬ್ಬಂದಿಯ ಆರೋಗ್ಯ ಕೆಡುತ್ತದೆಂಬ ಕಾರಣಕ್ಕೆ ಅರ್ಜಿ ವಜಾ ಆಯಿತು. ರೈತನಿಗೆ "ಕಡಿಮೆ ಕೊಬ್ಬಿನ ಮೇವು" ಎಂಬ ಪ್ರಮಾಣಪತ್ರ ಕೊಟ್ಟರು. ಅವನು ಅದಕ್ಕೆ ಗಾಜಿನ ಕಟ್ಟು ಹಾಕಿಸಿಕೊಂಡ.

ಸುದ್ದಿ ಹಬ್ಬಿ, ಮುಂಜಾನೆಯಿಂದಲೇ ಊರ ಜನ ಗೋದಾಮಿಗೆ ಬರತೊಡಗಿದರು. ಹತ್ತುವರು, ನೋಡುವರು, ಹಿಗ್ಗಿ ಎದುರಿನ ಹೋಟೆಲಿಗೆ ಹೋಗಿ ಪೂರಿ ತಿನ್ನುವರು. ನೂಕುನುಗ್ಗಲು ತಡೆಯಲು ಹಾವಗೆಪ್ಪ ತನ್ನ ದುಂಡು ಅಕ್ಷರದಲ್ಲಿ ಬರೆದ ಸೂಚನೆ ಬಾಗಿಲಿಗೆ ಅಂಟಿದೆ:

"ತೂಕ ಇಳಿಸಿಕೊಳ್ಳುವವರು ಸಾಲಿನಲ್ಲಿ ಬರತಕ್ಕದ್ದು. ಒಮ್ಮೆ ಇಳಿಸಿಕೊಂಡವರು ಮತ್ತೆ ಇಳಿಸಿಕೊಳ್ಳಲು ಒಂದು ವಾರ ಬಿಟ್ಟು ಬರತಕ್ಕದ್ದು."

ಜನ ಸಾಲಿನಲ್ಲೇ ನಿಲ್ಲುತ್ತಾರೆ.