ಮೂರು ತಟ್ಟಿದರೆ ಹೊರಡು

ಹಾಲು ಉಕ್ಕಿ ಒಲೆಯೆಲ್ಲಾ ಮಿಂದೆದ್ದ ಆ ಗಳಿಗೆಯಲ್ಲಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ನಾನು ಘೋರ ಪ್ರತಿಜ್ಞೆ ಮಾಡಿಬಿಟ್ಟೆ: "ನಾನು ಬದುಕಿರೋವರೆಗೂ ನನ್ನ ಸೊಸೆ ಕಿವಿಗೆ ಕೂದಲೆಳೆಯಷ್ಟೂ ತೊಂದರೆ ಆಗೋಕೆ ಬಿಡಲ್ಲ!"

ಹಾಲಿಗೂ ಕಿವಿಗೂ ಎಲ್ಲಿಂದೆಲ್ಲಿಯ ಸಂಬಂಧ ಅಂತೀರಾ? ಇದೆ, ಹೇಳ್ತೀನಿ. ನಾನು ಹೇಳೋದು, ನಮ್ಮ ಯಜಮಾನ್ರು ಬರ್ಕೊಳ್ಳೋದು ಅಂತ ಒಪ್ಪಂದ ಆಗಿದೆ. ರೀ, ನಾನು ಹೇಳಿದ್ದಷ್ಟೇ ಬರೀರಿ, ನಿಮ್ಮ ಒಗ್ಗರಣೆ ಬೇಡ.

ನನ್ನ ಸೊಸೆ ಇರೋದು ನೀರು ಸರಬರಾಜು ಕಚೇರಿಯಲ್ಲಿ. ಅದು ಕುರ್ಚಿ ಕೆಲಸ ಅಲ್ಲ, ಕಿವಿ ಕೆಲಸ! ನೆಲದೊಳಗೆ ಪೈಪು ಎಲ್ಲಿ ಸೋರ್ತಿದೆ ಅಂತ ಕೇಳಿಯೇ ಕಂಡುಹಿಡೀತಾಳೆ. ಉದ್ದನೆ ಕಬ್ಬಿಣದ ಕೋಲು. ಒಂದು ತುದಿ ಪೈಪಿಗೆ, ಇನ್ನೊಂದು ತುದಿ ಕಿವಿಗೆ. "ಇಲ್ಲಿ ಅಗೀರಿ" ಅಂದಳು ಅಂದ್ರೆ ಅಲ್ಲೇ ನೀರು! ಮದುವೆಯಾಗಿ ಬಂದ ಹೊಸದರಲ್ಲಿ ರೂಮಲ್ಲಿ ಕೂತೇ, "ಅತ್ತೆ, ಹಾಲು ಉಕ್ಕೋ ಹಾಗಿದೆ" ಅಂತಿದ್ದಳು. ಅವಳು ಬಂದ ಮೇಲೆ ಈ ಮನೇಲಿ ಒಂದು ತೊಟ್ಟು ಹಾಲು ಹಾಳಾಗಿರಲಿಲ್ಲ. ನನ್ನ ಮಗ ಬೇಕರಿಯಲ್ಲಿ ಬ್ರೆಡ್ ಬೇಯಿಸ್ತಾನೆ, ಬೆಳಗ್ಗೆ ನಾಲ್ಕಕ್ಕೇ ಹೋಗ್ತಾನೆ. ಈ ಕಥೆಯಲ್ಲಿ ಅವನಿಗೇನೂ ಕೆಲಸ ಇಲ್ಲ, ಬಿಡಿ.

ಅಂಥಾ ಸೊಸೆ ಆವತ್ತು ಒಲೆ ಪಕ್ಕದಲ್ಲೇ ನಿಂತಿದ್ದಾಳೆ, ಹಾಲು ಬುಸ್ಸಂತ ಉಕ್ಕಿ ಹರೀತಿದೆ, ಅವಳಿಗೆ ಗೊತ್ತೇ ಆಗಲಿಲ್ಲ!

"ಏನಾಗಿದೆಯೇ ನಿನಗೆ?"

"ಆಂ?"

"ಏನಾಗಿದೆ ಅಂದೆ!"

"ಕಿವಿಯೊಳಗೆ ಗುಂಯ್ ಅಂತಿದೆ ಅತ್ತೆ. ಬೈಕಿಂದ ಇಳಿದ ಮೇಲೆ ಒಂದೆರಡು ಗಂಟೆ ಹೀಗೇ ಇರುತ್ತೆ."

ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಹೊರಗೆ ಬಂತು. ಕಚೇರಿಯಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ. ಈ ಸಲ ಇವಳದು ಕೆಳಗೆ ಇಳಿದಿತ್ತು. ಇನ್ನೊಂದು ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡ್ತಾರಂತೆ. ಆಗಲೂ ಹಾಗೇ ಬಂದರೆ ಕೋಲು ವಾಪಸ್ ಕೊಟ್ಟು ಕಡತ ಜೋಡಿಸೋಕೆ ಕೂರಬೇಕು. "ಆ ಕೋಲು ಇಲ್ಲದೆ ನಾನೇನು ಅತ್ತೆ?" ಅಂದಳು ನೋಡಿ, ನನ್ನ ಕರುಳು ಚುರುಕ್ ಅಂತು.

ಕಿವಿ ಪರೀಕ್ಷೆ ಮಾಡೋ ಮೇಡಂ ಹೇಳಿದ್ದರಂತೆ, ತಪ್ಪು ಇಂಜಿನ್ನಿನದಲ್ಲ, ಗಾಳಿಯದು ಅಂತ. ಹೈವೇನಲ್ಲಿ ಜೋರಾಗಿ ಹೋಗುವಾಗ ಹೆಲ್ಮೆಟ್ ಸುತ್ತ ಗಾಳಿ ಭೋರ್ಗರೆಯುತ್ತಲ್ಲ, ಕಿವಿ ಹಾಳು ಮಾಡೋದು ಅದೇ. ಹೆಲ್ಮೆಟ್ ತಲೆ ಉಳಿಸುತ್ತೆ, ಕಿವಿ ಉಳಿಸಲ್ಲ. ಒಳಗೆ ಇಯರ್ ಪ್ಲಗ್ ಹಾಕ್ಕೋಬೇಕು. ದಿನಾ ಅರವತ್ತು ಕಿಲೋಮೀಟರ್ ಬರಿಗಿವಿಯಲ್ಲಿ ಓಡಾಡಿದರೆ ಹೋದ ಕಿವಿ ಹೋದ ಹಾಗೇ.

"ಗಾಳಿಗೆ ಇಷ್ಟು ಸೊಕ್ಕಾ?" ಅಂದವಳೇ, ಅವತ್ತಿಂದ ಈ ಮನೆಯ ಕರ್ಣ ರಕ್ಷಣಾ ಮಂತ್ರಿಯಾಗಿ ನನ್ನನ್ನ ನಾನೇ ನೇಮಿಸಿಕೊಂಡೆ!

ಮೊದಲನೇ ಕಾರ್ಯಕ್ರಮ ಹತ್ತಿ. ಮಾರನೇ ಬೆಳಗ್ಗೆ ದಿಂಬು ಬಿಚ್ಚಿ, ನಿಂಬೆಹಣ್ಣಿನಷ್ಟು ಹತ್ತಿ ಉಂಡೆ ಮಾಡಿ ಎರಡೂ ಕಿವಿಗೆ ತುರುಕಿದೆ. ಸಂಜೆ ಬಂದಳು. "ಹೇಗಿತ್ತು?" ಅಂದೆ. "ಗಾಳಿ ಹಾಗೇ ಬಂತು ಅತ್ತೆ. ಹತ್ತಿ ಅದನ್ನೇನೂ ತಡೀಲಿಲ್ಲ. ಹೆಲ್ಮೆಟ್ ಮಾತ್ರ ತಲೆಗೆ ಇಳೀಲೇ ಇಲ್ಲ."

ನಮ್ಮ ಯಜಮಾನ್ರು ಪೇಪರ್ ಹಿಂದಿನಿಂದ, "ಒಂದು ದಿಂಬೂ ಹೋಯ್ತು" ಅಂದರು.

ಎರಡನೇದು ಔಷಧಿ ಅಂಗಡಿಯ ಹಳದಿ ಸ್ಪಂಜಿನ ಬಿರಡೆ, ಅದೇ ಮೇಡಂ ಹೇಳಿದ ಇಯರ್ ಪ್ಲಗ್. ನಾನೇ ಮೊದಲು ಪ್ರಯೋಗ ಮಾಡಿದೆ. ಬಾಟಲಿಗೆ ಮುಚ್ಚಳ ಒತ್ತೋ ಹಾಗೆ ಒತ್ತಿದೆ. ಎರಡೇ ನಿಮಿಷ, ಟಪಕ್ ಅಂತ ಹಾರಿ ಯಜಮಾನ್ರ ಟೀ ಲೋಟಕ್ಕೆ ಬಿತ್ತು! ಸೊಸೆ ಲಕೋಟೆ ಮೇಲಿನ ಚಿತ್ರ ನೋಡಿ ಹೇಳಿಕೊಟ್ಟಳು: ಕೈ ತೊಳ್ಕೋಬೇಕು, ಬಿರಡೆನ ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೀಬೇಕು, ಇನ್ನೊಂದು ಕೈಯಿಂದ ಕಿವಿನ ಮೇಲಕ್ಕೆ ಎಳೆದು ಒಳಗೆ ಇಟ್ಟು, ಅದು ಉಬ್ಬಿಕೊಳ್ಳೋವರೆಗೂ ಬೆರಳಲ್ಲಿ ಹಿಡ್ಕೋಬೇಕು. ಹಾಗೆ ಮಾಡಿದ್ದೇ ತಡ, ಆಹಾ! ಜಗತ್ತೆಲ್ಲಾ ರಜಾಯಿ ಹೊದ್ದುಕೊಂಡ ಹಾಗಾಯ್ತು.

"ಹಾರ್ನ್ ಕೇಳಿಸದೆ ಹೋದರೆ?" ಅಂತ ನನಗೊಂದು ಭಯ. ಅವಳನ್ನ ಗೇಟಿನ ಹತ್ತಿರ ನಿಲ್ಲಿಸಿ, ಯಜಮಾನ್ರ ಕೈಲಿ ಬೈಕಿನ ಹಾರ್ನ್ ಒತ್ತಿಸಿದೆ. ಕೇಳಿಸ್ತು. ಪಕ್ಕದ ಮನೆಯವರಿಗೂ ಕೇಳಿಸಿ, ಅವರೂ ಹೊರಗೆ ಬಂದರು.

ಮೂರು ವಾರ ಅವಳು ಬಿರಡೆ ಇಲ್ಲದೆ ಗೇಟು ದಾಟಲಿಲ್ಲ. ದಾಟೋಕೆ ನಾನು ಬಿಡಬೇಕಲ್ಲ! ಗುಂಯ್ ಅನ್ನೋದು ಕಮ್ಮಿಯಾಗ್ತಾ ಬಂತು. ಇನ್ನು ಪರೀಕ್ಷೆ ದಿನ ಮಂತ್ರಿ ಮನೇಲಿ ಕೂರೋಕಾಗುತ್ತಾ? "ನಾನೂ ಬರ್ತೀನಿ" ಅಂದೆ.

"ಅತ್ತೆ, ನನ್ನ ಕಿವೀಲೂ ಬಿರಡೆ, ನಿಮ್ಮ ಕಿವೀಲೂ ಬಿರಡೆ. ದಾರಿಯಲ್ಲಿ ಮಾತಾಡೋದು ಹೇಗೆ?"

"ಭುಜ ತಟ್ಟೋದು! ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ನಿಲ್ಲಿಸು, ಮೂರು ತಟ್ಟಿದರೆ ಕೂತಾಯ್ತು, ಹೊರಡು."

ನಡುಮನೆಯಲ್ಲಿ ಎರಡು ಕುರ್ಚಿ ಹಿಂದೆ ಮುಂದೆ ಹಾಕಿ ಅಭ್ಯಾಸ ಮಾಡಿದೆವು. ಯಜಮಾನ್ರು ಕಾಲು ಮೇಲೆತ್ತಿ ದಾರಿ ಬಿಟ್ಟರು. "ಸೊಸೆಗೆ ಅಭ್ಯಾಸ ಬೇಡ. ನಿನಗೆ ಬೇಕು. ಅಕ್ಕಿ ತೊಳೆಯೋಕೆ ಮುಂಚೆ ಊಟಕ್ಕೆ ಬನ್ನಿ ಅಂತ ಕೂಗೋಳು ನೀನು" ಅಂದರು.

ಇದು ನಮ್ಮ ಮನೆಯ ಹಳೇ ತಕರಾರು. ನಾನು ಕೂಗೋದು ಸ್ವಲ್ಪ ಮುಂಚೆ, ನಿಜ. ಕೂಗಿದ ತಕ್ಷಣ ಬರೋ ಗಂಡಸು ಯಾವ ಮನೇಲಿದ್ದಾನೆ ಹೇಳಿ? ಇವರೊಬ್ಬರು ಬಿಟ್ಟು! ತಟ್ಟೆ ಹಿಡ್ಕೊಂಡು ಅರ್ಧ ಗಂಟೆ ಕೂತಿರ್ತಾರೆ, ಪಾಪ. ರೀ, 'ಪಾಪ' ಅನ್ನೋದನ್ನ ಎರಡು ಸಲ ಬರೀಬೇಡಿ, ಒಂದೇ ಸಲ ಅಂದಿದ್ದು.

ಹನ್ನೊಂದಕ್ಕೆ ಪರೀಕ್ಷೆ. ಒಂಬತ್ತೂವರೆಗೆ ಹೊರಟೆವು. ಬೈಕ್ ಹಿಂದೆ ಅವಳ ಸಾಮಾನಿನ ಪೆಟ್ಟಿಗೆ, ಪೆಟ್ಟಿಗೆಗೂ ಅವಳಿಗೂ ನಡುವೆ ನಾನು. ನನ್ನ ತೂಕ ಮೂವತ್ತೊಂಬತ್ತು ಕೆ.ಜಿ., ಪೆಟ್ಟಿಗೆಯೇ ನನಗಿಂತ ಭಾರ. ಅರ್ಧ ದಾರಿ ಬರೋಷ್ಟರಲ್ಲಿ ನಾನು "ನಿಧಾನ" ಅಂತ ನಲವತ್ತು ಸಲ ತಟ್ಟಿದ್ದೆ.

ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿದಳು. ನಾನು ಇಳಿದೆ. ಪೆಟ್ರೋಲ್ ಹಾಕಿಸಿ, ಗಾಡಿ ಸ್ಟಾರ್ಟ್ ಮಾಡಿ, ನೆಟ್ಟಗೆ ಮುಂದೆ ನೋಡ್ತಾ ಕೂತಳು. ನನಗೋ ಒಂದೇ ಧ್ಯಾನ: ಹೊತ್ತಾಯ್ತು, ಹುಡುಗಿ ಪರೀಕ್ಷೆ ತಪ್ಪಿ ಹೋಗುತ್ತೆ! ಕೂತಾಯ್ತು ಅಂತ ಹೇಳಿಬಿಡೋಣ, ಹೇಗೂ ಕೂರ್ತೀನಲ್ಲ ಅಂತ, ಕಾಲು ಇನ್ನೂ ನೆಲದ ಮೇಲಿರುವಾಗಲೇ ಭುಜದ ಮೇಲೆ ಟಪ್, ಟಪ್, ಟಪ್!

ಕಾಲು ಎತ್ತಿದೆ. ಕೆಳಗೆ ಬೈಕ್ ಇರಲಿಲ್ಲ.

"ಏಯ್! ನಿಲ್ಲೇ!" ಅಂತ ಕೂಗಿದೆ, ಓಡಿದೆ. ಅಷ್ಟು ಮುತುವರ್ಜಿಯಿಂದ ನಾನೇ ಮುಚ್ಚಿಸಿದ ಕಿವಿ, ಕೇಳುತ್ತಾ? ನನ್ನ ಕೈಚೀಲ, ಫೋನು ಎಲ್ಲಾ ಅವಳ ಜೊತೆ ಹೋಯ್ತು. ನನ್ನ ಹತ್ತಿರ ಉಳಿದಿದ್ದು ತಲೆ ಮೇಲೊಂದು ಹೆಲ್ಮೆಟ್ಟು!

ಪೆಟ್ರೋಲ್ ಹಾಕೋ ಹೆಂಗಸು ಓಡಿ ಬಂದು ಬಾಯಿ ಆಡಿಸಿದಳು. ಹೆಲ್ಮೆಟ್ ತೆಗೆದೆ. ಆದರೂ ಪಿಸುಪಿಸು.

"ಬಾಯಿ ಬಿಟ್ಟು ಮಾತಾಡಮ್ಮಾ!" ಅಂತ ಗದರಿದೆ. ಅವಳು ತನ್ನ ಕಿವಿ ತೋರಿಸಿದಳು. ಅಯ್ಯೋ, ನನ್ನ ಬಿರಡೆ! ಕಿತ್ತೆ.

"ನಿಮ್ಮ ಜೊತೆಯವರು ನಿಮ್ಮನ್ನ ಬಿಟ್ಟು ಹೋದರು ಅಜ್ಜಿ!"

"ಬಿಟ್ಟು ಹೋಗಿಲ್ಲಮ್ಮ. ನಾನೇ ಕಳಿಸಿಕೊಟ್ಟೆ."

ಅವಳ ಫೋನಿಂದ ನಮ್ಮ ಯಜಮಾನ್ರಿಗೆ ಮಾಡಿದೆ. ಬಾಯಿಪಾಠ ಇದ್ದಿದ್ದು ಅದೊಂದೇ ನಂಬರ್.

"ರೀ, ಸೊಸೆ ಹೋಗಿಬಿಟ್ಟಳು!"

"ಎಲ್ಲಿಗೆ?"

"ಪರೀಕ್ಷೆಗೆ!"

"ಸರಿ. ನೀನೆಲ್ಲಿ?"

"ಪೆಟ್ರೋಲ್ ಬಂಕಲ್ಲಿ."

ಪೇಪರ್ ಮಡಚಿಟ್ಟ ಸದ್ದು ಕೇಳಿಸ್ತು. ಆಮೇಲೆ ನಿಧಾನವಾಗಿ, "ಕೂರೋಕೆ ಮುಂಚೆ ತಟ್ಟಿದೆಯಾ?"

ನಲವತ್ತೈದು ವರ್ಷ ಸಂಸಾರ ಮಾಡಿದ್ದರ ಫಲ ಇದು ನೋಡಿ. ಕಾಣದೇನೂ ಎಲ್ಲಾ ತಿಳ್ಕೊಂಡುಬಿಡ್ತಾರೆ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ನಿನ್ನ ಜಾಯಮಾನ" ಅಂದರು. ಅವರು ಸೊಸೆಗೆ ಆರು ಸಲ ಫೋನ್ ಮಾಡಿದರು. ಅವಳಿಗೆ ಅದೂ ಕೇಳಿಸಲಿಲ್ಲ.

ನನಗೆ ಚಿಂತೆ ಹತ್ತಿತು. ನನ್ನ ಚಿಂತೆಯಲ್ಲ! ಅವಳು ಅಲ್ಲಿ ಹೋಗಿ ಹಿಂದೆ ತಿರುಗಿ ನೋಡ್ತಾಳೆ, ನಾನಿಲ್ಲ ಅಂತ ಗಾಬರಿಯಲ್ಲಿ ವಾಪಸ್ ಬರ್ತಾಳೆ, ದಾರಿಯುದ್ದಕ್ಕೂ ಚರಂಡಿ ಚರಂಡಿ ಹುಡುಕ್ತಾಳೆ, ಹನ್ನೊಂದು ಗಂಟೆ ಹೊಡೆದೇಬಿಡುತ್ತೆ. ಆ ಕೋಲು ಕೈ ತಪ್ಪುತ್ತೆ. ತಪ್ಪಿಸಿದ್ದು ಯಾರು? ಕರ್ಣ ರಕ್ಷಣಾ ಮಂತ್ರಿ!

ಅಷ್ಟರಲ್ಲಿ ಡೀಸೆಲ್ ಹಾಕಿಸ್ತಿದ್ದ ನೀರಿನ ಟ್ಯಾಂಕರ್ ಲಾರಿ ಕಂಡಿತು. "ಯಾವ ಕಡೆಗಪ್ಪಾ?" ಅಂದೆ. "ನೀರು ಕಚೇರಿಗೆ ಅಜ್ಜಿ" ಅಂದ ಡ್ರೈವರ್. ಅವನು 'ಹತ್ತಿ' ಅನ್ನೋಕೆ ಮುಂಚೆ ನಾನು ಹತ್ತಿ ಕೂತಿದ್ದೆ. ಈ ಸಲ ನಿಜವಾಗಲೂ ಕೂತು, ಸೀಟು ಮುಟ್ಟಿ ನೋಡಿಕೊಂಡು, ಆಮೇಲೆ "ಹೊರಡು" ಅಂದೆ.

ಹತ್ತು ಕಿಲೋಮೀಟರ್ ಹೋಗಿರಬಹುದು. ಎದುರಿಂದ ಬರ್ತಿದ್ದಾಳೆ ನನ್ನ ಸೊಸೆ! ರಸ್ತೆ ಅಂಚೆಲ್ಲಾ ನೋಡ್ಕೊಂಡು, ಆಮೆ ಥರ. ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೂಗಿದೆ. ಊಹೂಂ. ಡ್ರೈವರ್, "ಒಳಗೆ ಬನ್ನಿ ಅಜ್ಜಿ" ಅಂತ ಹಾರ್ನ್ ಒತ್ತಿದ. ಬ್ರೇಕ್ ಹಾಕಿ ನಿಂತಳು!

ಹೆಲ್ಮೆಟ್, ಬಿರಡೆ ಎಲ್ಲಾ ತೆಗೆದು ಓಡಿ ಬಂದು ನನ್ನ ಕೈಕಾಲೆಲ್ಲಾ ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರು.

"ಎಲ್ಲಿ ಬಿದ್ದಿರಿ ಅತ್ತೆ?"

"ಬೀಳೋಕೆ ಹತ್ತಿದ್ದರೆ ತಾನೇ! ನಿನಗೆ ಗೊತ್ತಾಗಲಿಲ್ವೇನೇ, ಹಿಂದೆ ಯಾರೂ ಇಲ್ಲ ಅಂತ?"

"ಬಂಕ್ ದಾಟಿದ ಮೇಲೆ ಒಂದು ಸಲಾನೂ ನಿಧಾನ ಅಂತ ತಟ್ಟಲಿಲ್ಲವಲ್ಲ. ಕೊನೆಗೂ ಅತ್ತೆಗೆ ನನ್ನ ಮೇಲೆ ನಂಬಿಕೆ ಬಂತು ಅಂತ ಎಷ್ಟು ಖುಷಿಯಾಗಿತ್ತು ಗೊತ್ತಾ?"

ಅವಳು ಅಳ್ತಾ ನಕ್ಕಳು, ನಾನು ನಗ್ತಾ ಅತ್ತೆ. ಡ್ರೈವರ್ ಗಡಿಯಾರ ತೋರಿಸಿದ. ಹತ್ತೂವರೆ! "ತಿರುಗಿಸೇ ಗಾಡಿ!" ಅಂದೆ. ಅವಳು ಮತ್ತೆ ಬಿರಡೆ ಹಾಕ್ಕೊಂಡು ಕೂತಳು. ನಾನು ಮೂರು ತಟ್ಟಿದೆ. ಗಾಡಿ ಕದಲಲಿಲ್ಲ. ಕೈ ಹಿಂದಕ್ಕೆ ಚಾಚಿ, ತಡವಿ, ನನ್ನ ಮೊಣಕಾಲು ಸಿಕ್ಕಿದ ಮೇಲೇ ಹೊರಟಳು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಒಳಗೆ ಹೋದಳು. ಗಾಜಿನ ಆಚೆ ಅವಳು, ಈಚೆ ನಾನು. ಸಣ್ಣ ಸದ್ದು ಕೇಳಿಸಿದಾಗೆಲ್ಲಾ ಅವಳು ಬಟನ್ ಒತ್ತಬೇಕು. ಒತ್ತಿದಳು, ಒತ್ತಿದಳು, ಒತ್ತುತ್ತಲೇ ಇದ್ದಳು!

ಮೇಡಂ ಹೊರಗೆ ಬಂದು, "ಹೋದ ಸಲ ಬರಿಗಿವಿಯಲ್ಲಿ ಬೈಕ್ ಓಡಿಸಿ ನೇರ ಬಂದಿದ್ದಳು, ಕಿವಿ ದಣಿದಿತ್ತು. ಈಗ ಸುಧಾರಿಸಿಕೊಂಡಿದೆ. ಪೂರ್ತಿ ಹಾಳಾಗೋಕೆ ಮುಂಚೆ ಎಚ್ಚೆತ್ತುಕೊಂಡಿರಿ. ಬಿರಡೆ ಬಿಡಬೇಡಿ" ಅಂದರು. ಕೋಲು ಅವಳ ಹತ್ತಿರಾನೇ ಉಳೀತು!

ವಾಪಸ್ ಬರೋವಾಗ ನಾನು ಒಂದೇ ಒಂದು ಸಲಾನೂ "ನಿಧಾನ" ಅಂತ ತಟ್ಟಲಿಲ್ಲ. ಆದರೆ ಅವಳು ಮಾತ್ರ ಪ್ರತಿ ಸಿಗ್ನಲ್ಲಿನಲ್ಲೂ ಕೈ ಹಿಂದಕ್ಕೆ ಚಾಚಿ ನನ್ನ ಮೊಣಕಾಲು ಮುಟ್ಟಿ ನೋಡ್ತಿದ್ದಳು.

ಮನೆಗೆ ಬಂದೆ. ಗೆದ್ದು ಬಂದ ಸೇನಾಪತಿಯ ಗತ್ತಿನಲ್ಲಿ ಅಡುಗೆಮನೆಗೆ ನುಗ್ಗಿ, ಪಾತ್ರೆ ಒಲೆ ಮೇಲಿಟ್ಟು, ಅಕ್ಕಿ ಡಬ್ಬಕ್ಕೆ ಕೈ ಹಾಕ್ತಾ ಊರಿಗೇ ಕೇಳಿಸೋ ಹಾಗೆ ಕೂಗಿದೆ: "ಊಟಕ್ಕೆ ಬನ್ನೀ!"

ಯಜಮಾನ್ರು ತಟ್ಟೆ ಹಿಡ್ಕೊಂಡು ಬಂದು ಕೂತರು. ಸೊಸೆ ಬರಲಿಲ್ಲ. "ಕೇಳಿಸಲಿಲ್ವೇನೇ?" ಅಂದೆ.

ಆ ಕೊನೆಯ ರೂಮಿಂದ, ಬಾಗಿಲು ಹಾಕ್ಕೊಂಡೇ ಉತ್ತರ ಕೊಟ್ಟಳು:

"ಚೆನ್ನಾಗೇ ಕೇಳಿಸ್ತು ಅತ್ತೆ. ಒಲೆ ಹಚ್ಚಿದ ಸದ್ದು ಮಾತ್ರ ಇನ್ನೂ ಕೇಳಿಸಿಲ್ಲ!"