ನಾಲ್ಕರಲ್ಲೇ ನಿಂತ ನೋವು

ಹೆಂಡತಿಯ ಬಲ ಮೊಣಕಾಲಿನ ಮೂಲಕ ವೈದ್ಯವಿಜ್ಞಾನಕ್ಕೆ ಮಹದುಪಕಾರ ಮಾಡಿಬಿಡಬೇಕೆಂದು ಒಂದು ಸೋಮವಾರ ನಾನು ತೀರ್ಮಾನಿಸಿದೆ. ಮೊಣಕಾಲನ್ನು ಕೇಳಲಿಲ್ಲ, ಹೆಂಡತಿಯನ್ನೂ ಕೇಳಲಿಲ್ಲ.

ನಾನೇನು ಸಾಮಾನ್ಯನಲ್ಲ! ಔಷಧ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಹಾಯಕ. ನೋವಿನ ಔಷಧ ತಿಂದ ಇಲಿ ಬಿಸಿ ತಟ್ಟೆಯ ಮೇಲೆ ಎಷ್ಟು ಸೆಕೆಂಡು ಕಾಲೆತ್ತದೆ ನಿಂತಿತು ಎಂದು ಗಡಿಯಾರ ಹಿಡಿದು ಬರೆದುಕೊಳ್ಳುವವನು. ನನ್ನಾಕೆ ದರ್ಜಿ. ಹೊಲಿಗೆ ಯಂತ್ರ ತುಳಿದು ತುಳಿದು ಅವಳ ಮೊಣಕಾಲು ಊದಿಕೊಂಡಿತ್ತು. "ಇನ್ನೊಂದು ತಿಂಗಳು ನೋಡ್ತೀನಿ, ಆಮೇಲೆ ಮಷೀನ್ ಮಾರಿಬಿಡ್ತೀನಿ" ಎಂದು ಅವಳು ಹೇಳಿದ್ದು ತಮಾಷೆಗಲ್ಲ. ಆ ಯಂತ್ರವೆಂದರೆ ಅವಳಿಗೆ ಪ್ರಾಣ.

ಸುದ್ದಿ ಕೇಳಿ ಅತ್ತೆ ಹಳೇ ಬಣ್ಣದ ಡಬ್ಬಿಯಲ್ಲಿ ನೆಟ್ಟ ಲಕ್ಕಿ ಗಿಡ ಹೊತ್ತುಕೊಂಡು ಬಂದರು.

"ಇದರ ಸೊಪ್ಪು ಎಣ್ಣೇಲಿ ಕಾಯಿಸಿ ತಿಕ್ಕಿ, ಅಳಿಯಂದ್ರೆ. ನಮ್ಮಜ್ಜಿ ಕಾಲದಿಂದ ಹಚ್ತಾ ಬಂದಿದೀವಿ."

"ಹಚ್ಚಿದ್ರೆ ಸಾಲದು ಅತ್ತೆ, ಸಾಬೀತಾಗಬೇಕು."

ಹೀಗೆ ಪ್ರಯೋಗ ಶುರುವಾಯಿತು. ಎರಡು ಕಂದು ಸೀಸೆ. ಒಂದರಲ್ಲಿ ಲಕ್ಕಿ ಎಣ್ಣೆ, ಇನ್ನೊಂದರಲ್ಲಿ ಬರಿ ಎಣ್ಣೆ. ತುಂಬಿಸಿ, ಒಂದಕ್ಕೆ ಕೆಂಪು ದಾರ, ಒಂದಕ್ಕೆ ನೀಲಿ ದಾರ ಕಟ್ಟುವುದು ಅತ್ತೆಯ ಕೆಲಸ. ಯಾವುದು ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿರಬಾರದು. ದಿನಾ ಬೆಳಗ್ಗೆ, ಒಂದು ದಿನ ಕೆಂಪು ಒಂದು ದಿನ ನೀಲಿ ಎಂದು ಸೀಸೆ ಬದಲಿಸಿ ಉಜ್ಜುವುದು ನಾನು. ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಅಂಕ ಕೊಡುವುದು ಅವಳು, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ನಾನು.

ಲಕ್ಕಿಯ ಘಾಟು ಗುಟ್ಟು ರಟ್ಟು ಮಾಡೀತೆಂದು ಇಬ್ಬರ ಮೂಗಿಗೂ ಬಟ್ಟೆ ಕ್ಲಿಪ್ಪು. ಎಣ್ಣೆ ಅಂಗೈಗೆ ಬಿದ್ದಾಗ ಎರಡೂ ಒಂದೇ ಹಸಿರು! ಬರಿ ಎಣ್ಣೆಗೂ ಅದೇ ಬಣ್ಣ ಬರಿಸಿದ ಅತ್ತೆಯ ಕೈಚಳಕಕ್ಕೆ ಮನಸ್ಸಿನಲ್ಲೇ ಭೇಷ್ ಎಂದೆ.

ಎರಡನೇ ದಿನ ಬೆಳಗ್ಗೆ ಏಳಕ್ಕೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಅಂಚೆಯವರು ಬಾಗಿಲಲ್ಲೇ ನಿಂತರು. ಒಳಗೆ ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡ ಗಂಡ, ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡ ಹೆಂಡತಿ, ನಡುವೆ ಒಂದು ಕಾಲು.

"ಆಮೇಲೆ ಬರ್ತೀನಿ" ಎಂದು ಹೋದವರು ಆ ದಿನದ ಟಪಾಲಿನ ಜೊತೆ ಈ ಸುದ್ದಿಯನ್ನೂ ಮನೆಮನೆಗೆ ಹಂಚಿದರು.

ಮೊದಲ ದಿನ ನೋವು ಎಂಟು. ವಾರದಲ್ಲಿ ನಾಲ್ಕು. ಆಮೇಲೆ ನೋಡಿ, ಕೆಂಪು ದಾರಕ್ಕೂ ನಾಲ್ಕು, ನೀಲಿ ದಾರಕ್ಕೂ ನಾಲ್ಕು! ನಾನು ಹತ್ತು ನಿಮಿಷದ ಉಜ್ಜಾಟವನ್ನು ಇಪ್ಪತ್ತಕ್ಕೇರಿಸಿದೆ, ಅರ್ಧ ಗಂಟೆಗೇರಿಸಿದೆ. ನಾಲ್ಕು. ಉಜ್ಜುವಾಗ ಸುಮ್ಮನಿರಲಾಗದೆ ಊರ ಸುದ್ದಿ, ಇಲಿಗಳ ಸುದ್ದಿ ಹೇಳುತ್ತಿದ್ದೆ. ಅವಳು ಗಿರಾಕಿಗಳ ಸುದ್ದಿ ಹೇಳುತ್ತಿದ್ದಳು. ಮೂಗು ಮುಚ್ಚಿಕೊಂಡೇ ನಗುವುದು ಇಬ್ಬರಿಗೂ ಅಭ್ಯಾಸವಾಯಿತು. ನಾನು ದಿನಾ ಕೆಲಸಕ್ಕೆ ತಡ. "ಇಲಿಗಳೇ ನಿಮಗಿಂತ ಮೊದಲು ಹಾಜರಿರ್ತವೆ" ಎಂದರು ಮೇಲಧಿಕಾರಿ.

ಇಪ್ಪತ್ತೆಂಟನೇ ದಿನ ಅವಸರದಲ್ಲಿ ನೆಲಕ್ಕೆ ಎಣ್ಣೆ ಚೆಲ್ಲಿದೆ, ಅದರ ಮೇಲೇ ಕಾಲಿಟ್ಟೆ. ವಿಜ್ಞಾನ ಅಂಗಾತ ಬಿತ್ತು! ಸೊಂಟ ಹಿಡಿದುಕೊಂಡಿತು, ಏಳಲೂ ಆಗಲಿಲ್ಲ.

ಆ ಕಡೆ ಗೋಡೆಯ ಹತ್ತಿರ ದಾರ ಪೋಣಿಸುತ್ತಿದ್ದವಳು ಎರಡೇ ನೆಗೆತಕ್ಕೆ ಬಂದು, ಎರಡೂ ಮೊಣಕಾಲು ಮಡಚಿ ನನ್ನ ಪಕ್ಕ ಕುಕ್ಕರಿಸಿದಳು.

"ಏನಾಯ್ತು? ಎಲ್ಲಿ ಪೆಟ್ಟಾಯ್ತು?"

ನಾನು ಅವಳ ಮೊಣಕಾಲು ನೋಡಿದೆ. ಅವಳೂ ನೋಡಿಕೊಂಡಳು.

"ಯಾವಾಗ ವಾಸಿಯಾಯ್ತೇ ಇದು?"

"ಹದಿನೈದು ದಿನ ಆಯ್ತು."

"ಮತ್ತೆ ದಿನಾ ನಾಲ್ಕು ನಾಲ್ಕು ಅಂತ ಬರೆಸಿದ್ಯಲ್ಲ!"

ಅವಳು ಸೆರಗಿನಿಂದ ನನ್ನ ಕೈಯ ಎಣ್ಣೆ ಒರೆಸತೊಡಗಿದಳು. "ಸೊನ್ನೆ ಅಂದಿದ್ರೆ ನೀವು ಪುಸ್ತಕ ಮುಚ್ಚಿಬಿಡ್ತಿದ್ರಿ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ, ಬೆಳಗ್ಗೆ ಅರ್ಧ ಗಂಟೆ ನನ್ನ ಹತ್ರ ಕೂತು ಮಾತಾಡಿದ್ದು ಇದೇ ಮೊದಲು."

ಇಲಿಗಳ ಜೊತೆ ಹತ್ತೊಂಬತ್ತು ವರ್ಷ ಗಡಿಯಾರ ಹಿಡಿದು ಕೂತವನು, ಇವಳ ಜೊತೆ ಎಷ್ಟು ಹೊತ್ತು ಕೂತೆನೆಂದು ಒಮ್ಮೆಯೂ ಲೆಕ್ಕವಿಡಲಿಲ್ಲ.

ಮಾನ ಉಳಿಸಿಕೊಳ್ಳಲು, ಮಲಗಿದಲ್ಲಿಂದಲೇ ಅತ್ತೆಗೆ ಫೋನು ಮಾಡಿದೆ. "ಲಕ್ಕಿ ಎಣ್ಣೆ ಕೆಂಪು ದಾರದ್ದೋ ನೀಲಿ ದಾರದ್ದೋ, ಹೇಳಿಬಿಡಿ."

"ಎರಡೂ ಅದೇ ಅಳಿಯಂದ್ರೆ. ನೋವು ಅಂತಿರೋ ಮಗಳ ಕಾಲಿಗೆ ಬರಿ ಎಣ್ಣೆ ಕೊಡೋಕೆ ಯಾವ ತಾಯಿಗೆ ಮನಸ್ಸು ಬರುತ್ತೆ?"

ಮೂಗಿನ ಕ್ಲಿಪ್ಪು ತೆಗೆದೆ. ಮನೆಯೆಲ್ಲ ಲಕ್ಕಿ ಘಮ್ಮೆನ್ನುತ್ತಿತ್ತು.

ನೋವು ಹೋದದ್ದು ಸೊಪ್ಪಿನಿಂದಲೋ ಉಜ್ಜಿದ್ದರಿಂದಲೋ, ನನ್ನ ಮಹಾಪ್ರಯೋಗ ಹೇಳಲಾರದು. ಹೊಲಿಗೆ ಯಂತ್ರ ಮಾತ್ರ ಮಾರಾಟವಾಗಲಿಲ್ಲ. ಈಗ ಬೆಳಗ್ಗೆ ಏಳಕ್ಕೆ ಅವಳು ನನ್ನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾಳೆ, ಪುಸ್ತಕವನ್ನೂ ಅವಳೇ ಬರೆಯುತ್ತಾಳೆ.

"ಇವತ್ತು ನೋವು ಎಷ್ಟಿದೆ?" ಎಂದಳು ಈ ಬೆಳಗ್ಗೆ.

ಸೊಂಟ ಸರಿಹೋಗಿ ವಾರವಾಗಿತ್ತು.

"ನಾಲ್ಕು" ಎಂದೆ.

ಅವಳು ತಲೆಯೆತ್ತದೆ ಬರೆದುಕೊಂಡಳು.